ಡುಬ್ಬದ ಸೀಟು ಹೊಲಿದ ವರ್ಷ

ಹೋದ ತಿಂಗಳು ಮುದ್ದೇಬಿಹಾಳಕ್ಕೆ ಒಬ್ಬ ಬಸುರಿಯ ಕುಬಸದ ಕಾರ್ಯಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿದು ಇನ್ನೂ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ರೆಕ್ಸಿನ್ ಅಂಟಿಸುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ತಲೆನೋವಿನ ವಾಸನೆ. ನನಗೆ ತವರುಮನೆಯ ವಾಸನೆ. ಕೈಯಲ್ಲಿ ಸೀರೆ-ಕುಬಸದ ಚೀಲ, ನೆತ್ತಿಯ ಮೇಲೆ ಉರಿಬಿಸಿಲು, ಅತ್ತ ಉಡಿ ತುಂಬುವ ಹೊತ್ತು ಮೀರುತ್ತಿತ್ತು. ಆದರೂ ಆ ಸೀಟ್ ಕವರಿನ ಅಂಗಡಿಯ ಮುಂದೆ ನಿಂತೇಬಿಟ್ಟೆ.

ಒಳಗೆ ಒಬ್ಬ ತರುಣ ಅಂಗಡಿಯವನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದ. ಸೀಟಿನ ಹಿಂಭಾಗದಲ್ಲಿ ಎತ್ತಿಗಿರುವಂಥ ಡುಬ್ಬ ಬರಬೇಕು, ಮುಂದೆ ಒಬ್ಬರು ಕೂರುವಷ್ಟೇ ಜಾಗ ಇರಬೇಕು ಎಂದು ಕೈಯಾಡಿಸಿ ಹೇಳುತ್ತಿದ್ದ. ಅವನ ಗಾಡಿ ಹೊರಗೆ ನಿಂತಿತ್ತು. ಹ್ಯಾಂಡಲ್ಲು ಕೆಳಗೆ ಬಗ್ಗಿಸಿದ್ದು, ಮಡ್‌ಗಾರ್ಡು ಕತ್ತರಿಸಿದ್ದು. ನಾನು ನೋಡುತ್ತಿರುವುದನ್ನು ಕಂಡು ಹೊರಗೆ ಬಂದ.

"ಇದಕ್ಕ ಕೆಫೆ ರೇಸರ್ ಅಂತಾರ್ರಿ ಅಕ್ಕಾರ. ಪರದೇಶದಾಗ ಹಿಂದಕ ಹುಡುಗ್ರು ಒಂದು ಚಾದಂಗಡಿಯಿಂದ ಇನ್ನೊಂದು ಚಾದಂಗಡಿಗೆ ರೇಸ್ ಹಚ್ಚತಿದ್ರಂತ. ಆವಾಗಿನ ಗಾಡಿ ಹಿಂಗ ಇರತಿದ್ವು."

ಹೆಸರು ಗೊತ್ತಾಗಿದ್ದು ಅವತ್ತೇ. ಹೆಸರು ಗೊತ್ತಿಲ್ಲದ ಕಾಲದಲ್ಲೇ ಅಂಥದೊಂದು ಸೀಟನ್ನು ಸಿಂದಗಿಯಲ್ಲಿ ಕೂತು ನನ್ನ ಕೈಯಾರೆ ಹೊಲಿದವಳು ನಾನು. ಅದನ್ನು ಅವನಿಗೆ ಹೇಳಿದ್ದರೆ ನಂಬುತ್ತಿದ್ದನೋ ಇಲ್ಲವೋ. "ಡುಬ್ಬ ಗಟ್ಟಿ ಹೊಲಸಬ್ಯಾಡ ತಮ್ಮಾ, ಬಿಚ್ಚಾಕ ಬರೂಹಂಗ ಮಾಡಸು," ಎಂದಷ್ಟೇ ಹೇಳಿ ನಡೆದೆ. ಅವನು ಯಾಕ್ರಿ ಎಂದು ಕೇಳಿದ. ಯಾಕೆಂದು ಹೇಳುತ್ತ ನಿಲ್ಲಲು ಹೊತ್ತೆಲ್ಲಿ, ಕುಬಸದ ಮನೆಯವರು ನನ್ನನ್ನು ಕಾಯುತ್ತಿದ್ದರಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನಪ್ಪನಿಗೆ ಸಿಂದಗಿಯಲ್ಲಿ ಗಾದಿ ಸಿದ್ದಪ್ಪ ಎಂದೇ ಹೆಸರು. ಟ್ರ್ಯಾಕ್ಟರಿನ ಸೀಟು, ಜೀಪಿನ ಸೀಟು, ಮೋಟಾರ್ ಸೈಕಲ್ಲಿನ ಸೀಟು, ಎಲ್ಲ ಹೊಲಿಯುತ್ತಿದ್ದ. ಬಿಳಿ ದೋತರ, ಬಿಳಿ ಅಂಗಿ, ತಲೆಯ ಮೇಲೆ ಬಿಳಿ ಟೊಪಿಗೆ. ದಿನವಿಡೀ ಸೊಲ್ಯೂಷನ್ನು, ರೆಕ್ಸಿನ್ನು, ತೆಂಗಿನ ಕಾಥಿಯ ಧೂಳಿನಲ್ಲಿ ಕೂತರೂ ಆ ಟೊಪಿಗೆಗೆ ಒಂದು ಕಲೆ ತಗಲಗೊಡುತ್ತಿರಲಿಲ್ಲ. ನೀರು ಕುಡಿಯುವಾಗ ಕೂಡ ಒಂದು ಕೈ ಟೊಪಿಗೆಯ ಮೇಲೆ ಇರುತ್ತಿತ್ತು. ಅವ್ವ ಅದಕ್ಕೆ ನನ್ನ ಸವತಿ ಎಂದು ಹೆಸರಿಟ್ಟಿದ್ದಳು.

ಗಾಡಿ ತಂದವರಿಗೆ ಅಪ್ಪ ಕೇಳುತ್ತಿದ್ದ ಮೊದಲ ಮಾತು ಗಾಡಿಯದ್ದಲ್ಲ. "ಮನ್ಯಾಗ ಎಷ್ಟ ಮಂದಿ ಅದೀರಿ?" ಎನ್ನುತ್ತಿದ್ದ. ಕೇಳಬೇಕಾದ ಮಾತೇ ಅದು. ನಮ್ಮ ಕಡೆ ಒಂದು ಗಾಡಿಯ ಮೇಲೆ ಒಬ್ಬನೇ ಹೋಗಿದ್ದನ್ನು ಯಾರು ಕಂಡಿದ್ದಾರೆ? ಗಂಡ, ಹೆಂಡತಿ, ಪೆಟ್ರೋಲ್ ಟಾಕಿಯ ಮೇಲೊಂದು ಕೂಸು, ಹೆಂಡತಿಯ ತೊಡೆಯ ಮೇಲೆ ಕೊಲ್ಹಾರದ ಮೊಸರಿನ ಗಡಿಗೆ. ಅಷ್ಟೂ ಸಾಲದೆ ದಾರಿಯಲ್ಲಿ ಗುರುತಿನವರು ನಡೆದು ಹೋಗುತ್ತಿದ್ದರೆ ನಿಲ್ಲಿಸಿ ಹತ್ತಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಹೋದರೆ ಆ ಸಿಟ್ಟು ಮಕ್ಕಳ ಮದುವೆಯವರೆಗೂ ಉಳಿಯುತ್ತಿತ್ತು. ಹಾಗಾಗಿ ಅಪ್ಪ ಹೊಲಿದ ಸೀಟುಗಳೆಲ್ಲ ಉದ್ದ, ಅಗಲ, ಹಾಸಿಗೆ ಹಾಸಿದಂತೆ.

ಸೀಟು ಕೂರಿಸಿದ ಮೇಲೆ ಇನ್ನೊಂದು ಪದ್ಧತಿ ಇತ್ತು. ಗಾಡಿಯವನನ್ನು ಮುಂದೆ ಕೂರಿಸಿ ತಾನು ಹಿಂದೆ ಹತ್ತಿ, ಸರ್ಕಲ್ಲಿನವರೆಗೆ ಒಂದು ಸುತ್ತು ಹೋಗಿ ಬರುತ್ತಿದ್ದ. ಅದಾಗದೆ ಗಾಡಿ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ. "ಮುಂದ ಕುಂತಾವ ತನಗ ಬೇಕಾದಂಗ ಹೊಡಕೋತ ಹೋಗತಾನ. ತಗ್ಗು ಗೊತ್ತಾಗೂದು ಹಿಂದ ಕುಂತವರಿಗೆ," ಎನ್ನುತ್ತಿದ್ದ. ಬಂದು ಇಳಿದು, ಹೆಬ್ಬೆರಳಿನಿಂದ ಸೀಟಿನ ಹಿಂಭಾಗ ಒತ್ತಿ ನೋಡಿ, ಸರಿ ಎನಿಸಿದರೆ ತಲೆದೂಗುತ್ತಿದ್ದ. ಇಲ್ಲದಿದ್ದರೆ ಅಲ್ಲೇ ಬಿಚ್ಚಿ ಮತ್ತೆ ಶುರು.

ನಾನು ಪಿಯುಸಿ ಮುಗಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ದಪ್ಪ ಬಟ್ಟೆ ಹೊಲಿಯುವ ದೊಡ್ಡ ಮಷಿನ್ನಿನ ಮುಂದೆ ಕೂತಿದ್ದೆ. ಕತ್ತರಿಸುವುದು ಅಪ್ಪ, ಹೊಲಿಯುವುದು ನಾನು. ಕೆಲಸ ಚಲೋ ಇತ್ತು, ನನಗೆ ಸೇರುತ್ತಿತ್ತು. ಮದುವೆಯ ಮಾತು ಬಂದಾಗೆಲ್ಲ ಮಷಿನ್ನು ಜೋರಾಗಿ ತುಳಿಯುತ್ತಿದ್ದೆ, ಅವ್ವನ ಮಾತು ಕೇಳಿಸದಂತೆ.

ಹೊಸ ಸಾವಿರ ವರ್ಷ ಬಂತು ಎಂದು ಟಿವಿಯವರು ಕುಣಿದಾಡಿ ಒಂದು ವರ್ಷ ಕಳೆದಿತ್ತು ಅಷ್ಟೇ. ಆ ಸಲ ಮುಂಗಾರಿನ ಮಿರಗದ ಮಳೆ ಸರಿಯಾದ ಹೊತ್ತಿಗೆ ಹಿಡಿಯಿತು. ಎರೆಮಣ್ಣು ಗಾಲಿಗೆ ಹತ್ತಿ ಸೈಕಲ್ಲುಗಳು ಹೆಗಲ ಮೇಲೆ ಬರುವಂಥ ಮಳೆ. ಅಂಥ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಬುಲೆಟ್ಟು ಬಂದು ನಿಂತಿತು. ಸೀಟೇ ಇಲ್ಲ. ಸೀಟಿನ ಜಾಗದಲ್ಲಿ ಮಡಚಿದ ಗೋಣಿಚೀಲ ಕಟ್ಟಿಕೊಂಡು ಅದರ ಮೇಲೆ ಒಬ್ಬ ಕೂತಿದ್ದ. ಹಿಂದಿನ ಮಡ್‌ಗಾರ್ಡು ಕತ್ತರಿಸಿದ್ದರಿಂದ ಕುತ್ತಿಗೆಯವರೆಗೆ ಕೆಸರು. ಇಳಿದಾಗ ನೋಡಿದರೆ ಬೆನ್ನೆಲ್ಲ ಕರಿ, ಎದೆಯೆಲ್ಲ ಬಿಳಿ. ನಾನು ಮಷಿನ್ನು ಬಿಟ್ಟು ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದೆ.

ಅವನ ಹೆಸರು ಶಿವಾನಂದ. ಇಂಡಿ ತಾಲೂಕಿನ ನಿಂಬೆ ತೋಟದವರ ಮಗ. ಇಂಡಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಗಾಡಿ ಅವನಪ್ಪನದು. ಸೊಲ್ಲಾಪುರದಿಂದ ತಂದ ಯಾವುದೋ ಸಾಮಾನಿಗೆ ಸುತ್ತಿದ್ದ ಹಳೆಯ ಕಾಗದವೊಂದನ್ನು ಕಿಸೆಯಿಂದ ತೆಗೆದು ಬಿಚ್ಚಿದ. ಅದರಲ್ಲೊಂದು ವಿದೇಶಿ ಗಾಡಿಯ ಚಿತ್ರ. ಉದ್ದ ಟಾಕಿ, ಕೆಳಗಿಳಿದ ಹ್ಯಾಂಡಲ್ಲು, ಡುಬ್ಬದ ಸೀಟು. ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತಿತ್ತು.

ಅಪ್ಪ ಚಿತ್ರವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಹಿಂದ ಯಾರ ಕುಂದ್ರತಾರ?"

"ಯಾರೂ ಇಲ್ರಿ ಕಾಕಾ. ಒಬ್ಬಾಂವನ."

"ಮನ್ಯಾಗ ಯಾರೂ ಇಲ್ಲೇನು?"

"ಎಲ್ಲಾರೂ ಅದಾರ್ರಿ."

"ಮತ್ತ?"

ಶಿವಾನಂದ ಗಾಡಿಯ ಕಡೆ ಒಮ್ಮೆ ನೋಡಿದ. "ನಾ ಹುಟ್ಟಿದಾಗಿಂದ ಈ ಗಾಡಿ ನಿಂಬಿಚೀಲಾ ಹೊತ್ತೈತ್ರಿ ಕಾಕಾ. ಹಿಂದೊಂದು ಚೀಲ, ಎಡಕ್ಕೊಂದು, ಬಲಕ್ಕೊಂದು. ಈಗ ತ್ವಾಟಕ್ಕ ಟೆಂಪೋ ಬರತೈತಿ, ಇದನ್ನ ಮುರದು ಮೋಡ್ಕಾಕ ಹಾಕೂಣು ಅಂದ್ರು ಮನ್ಯಾಗ. ಒಂದ ಸಲ, ಮೈಮ್ಯಾಲ ಏನೂ ಇಲ್ದ, ಬರೇ ಗಾಡಿ ಆಗಿ ಓಡಲಿ ಅಂತ ನನಗ."

ಆ ಮಾತು ನನಗೆ ನಾಟಿತು. ಅಪ್ಪನಿಗೆ ನಾಟಲಿಲ್ಲ. ಚಿತ್ರವನ್ನು ತಿರುಗಿ ಅವನ ಕೈಗೆ ಕೊಟ್ಟ.

"ನೋಡು ತಮ್ಮಾ, ಒಬ್ಬನ್ನ ಕುಂದರಿಸಿ ಒಯ್ಯೂದು ಸತ್ತಾಗ ಅಷ್ಟ, ಹೆಣದ ವಿಮಾನದಾಗ. ಬದುಕಿದವರಿಗೆ ಒಬ್ಬರ ಸೀಟು ನಾ ಹೊಲಿಯಾಂಗಿಲ್ಲ. ನಾ ಮುಟ್ಟೂದಿಲ್ಲ."

ಶಿವಾನಂದ ಚಿತ್ರ ಮಡಚತೊಡಗಿದ. ಅವನ ಮುಖ ನೋಡಲಾಗಲಿಲ್ಲ. "ನಾ ಹೊಲೀತೇನಿ," ಎಂದೆ ಬಾಗಿಲಲ್ಲಿ ನಿಂತೇ. ಅಪ್ಪ ತಿರುಗಿ ನನ್ನನ್ನು ನೋಡಿದ. ಹಟದಲ್ಲಿ ನಾನು ಅವನ ಮಗಳೇ ಎಂದು ಅವನಿಗೆ ಗೊತ್ತು. "ಹೊಲಿ. ಯಾರರ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ," ಎಂದು ಟ್ರ್ಯಾಕ್ಟರ್ ಸೀಟಿನ ಕಡೆ ಮುಖ ಮಾಡಿ ಕೂತ.

ಜೊತೆಗೆ ತಂದಿದ್ದ ಹಳೆಯ ಸೀಟಿನ ಅಡಿಯ ತಗಡನ್ನೂ ಆ ಚಿತ್ರವನ್ನೂ ನನ್ನ ಹತ್ತಿರ ಬಿಟ್ಟು ಅವನು ಗೋಣಿಚೀಲದ ಮೇಲೆ ಕೂತು ಇಂಡಿಗೆ ಹೋದ. ಆಮೇಲೆ ಅಳತೆ ನೋಡುವ ನೆವದಲ್ಲಿ ಬಂದ. ಬಣ್ಣ ಕೇಳುವ ನೆವದಲ್ಲಿ ಬಂದ. ಬಂದಾಗೊಮ್ಮೆ ಗಾಡಿ ಒಂದಿಷ್ಟು ಬದಲಾಗಿರುತ್ತಿತ್ತು. ಚೀಲ ಕಟ್ಟುವ ಕ್ಯಾರಿಯರ್ರು ಹೋಯಿತು. ಮುಂದಿನ ಗಾರ್ಡು ಹೋಯಿತು. ಮೇಲೆ ಚಾಚಿಕೊಂಡಿದ್ದ ಹ್ಯಾಂಡಲ್ಲನ್ನು ತಿರುಗಾಮುರುಗಾ ಹಾಕಿ ಕೆಳಗಿಳಿಸಿದ್ದ. ಟಾಕಿಯನ್ನು ಇಂಡಿಯಲ್ಲಿ ತಾಮ್ರದ ಕೊಡ ಬಡಿಯುವವರಿಗೆ ಕೊಟ್ಟು, ಮೊಣಕಾಲು ಕೂರುವಂತೆ ಎರಡೂ ಬದಿಗೆ ಮೆತ್ತಗೆ ತಗ್ಗು ಹಾಕಿಸಿದ್ದ. ಹಳೆಯ ಬಣ್ಣ ಕೆರೆದು ತೆಗೆದು, ತೋಟದಲ್ಲಿ ಉದುರಿದ ನಿಂಬೆಹಣ್ಣನ್ನೇ ಕೊಯ್ದು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಟಾಕಿಯನ್ನು ಬೆಳ್ಳಗೆ ಮಾಡಿದ್ದ. ದೇವರ ಮನೆಯ ಹಿತ್ತಾಳೆ ತಿಕ್ಕುವ ರೀತಿ ಅದು. ಆ ಗಾಡಿ ಅಂಗಡಿಯ ಮುಂದೆ ಬಂದು ನಿಂತರೆ ಬಿಸಿ ಎಣ್ಣೆಯ ಜೊತೆಗೆ ನಿಂಬೆಯ ವಾಸನೆಯೂ ಬರುತ್ತಿತ್ತು.

ಗಾಡಿಯ ಅಂದ ಎಂದರೆ ಏನು ಎಂದು ನನಗೆ ತಿಳಿದಿದ್ದು ಆಗ. ಅದುವರೆಗೆ ನನಗೆ ಗಾಡಿ ಎಂದರೆ ಅದರ ಸೀಟು ಮಾತ್ರ. ಬೇಡದ್ದನ್ನೆಲ್ಲ ಕಳಚಿ ಹಾಕಿದ ಮೇಲೆ ಒಳಗಿನಿಂದ ಅದರ ಅಸಲು ಮೈ ಹೊರಬಂತು. ಇಂಜಿನ್ನು ಎದ್ದು ಕಾಣತೊಡಗಿತು. ಟಾಕಿಯಿಂದ ಸೀಟಿಗೆ, ಸೀಟಿನಿಂದ ಹಿಂದಿನ ಗಾಲಿಗೆ ಒಂದೇ ಗೆರೆ ಇಳಿದು ಹೋಗುತ್ತಿತ್ತು. ಆ ಗೆರೆ ನನ್ನ ಸೀಟಿನ ಹತ್ತಿರ ಮುರಿಯಬಾರದು ಎಂದು ಬಿಚ್ಚಿ ಬಿಚ್ಚಿ ಹೊಲಿದೆ. ಕರಿ ರೆಕ್ಸಿನ್ನಿನ ಮೇಲೆ ಅಡ್ಡಡ್ಡ ಹೊಲಿಗೆ, ಸುತ್ತಲೂ ಸಣ್ಣ ಅಂಚು.

ಡುಬ್ಬದ ವಿಷಯ ಈಗ ಹೇಳಬೇಕು. ತಗಡು ಹಳೆಯ ಉದ್ದ ಸೀಟಿನದೇ. ಅದನ್ನು ಕತ್ತರಿಸು ಎಂದಿದ್ದ. ನಾನು ಕತ್ತರಿಸಲಿಲ್ಲ. ತಗಡಿನ ಉದ್ದಕ್ಕೂ ತೆಳ್ಳಗೆ ಪೂರ್ತಿ ಸೀಟು ಹೊಲಿದೆ, ಹಿಂಭಾಗಕ್ಕೆ ಅಪ್ಪ ಕತ್ತರಿಸಿಟ್ಟ ಒಳ್ಳೆಯ ಸ್ಪಂಜನ್ನೇ ಕದ್ದು ಇಟ್ಟೆ. ಅದರ ಮೇಲೆ ಡುಬ್ಬವನ್ನು ಬೇರೆಯಾಗಿ ಮಾಡಿ ಟೋಪಿ ಹಾಕಿದಂತೆ ಕವುಚಿ, ಅಂಚಿನ ಕೆಳಗೆ ಕಾಣದ ಹಾಗೆ ಹುಕ್ಕು ಹಚ್ಚಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ, ಸುಳ್ಳು ಯಾಕೆ ಹೇಳಲಿ, ಅಷ್ಟು ಹೊತ್ತಿಗೆ ಆ ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ಗಾಡಿ ಒಬ್ಬನದೇ ಇರಲಿ, ಪಾಪ, ಅವನ ಆಸೆ. ಆದರೆ ಇವತ್ತು ಒಬ್ಬನೇ ಇದ್ದಾನೆಂದು ಜನ್ಮವಿಡೀ ಒಬ್ಬನೇ ಇರುತ್ತಾನೇನು? ಹುಕ್ಕಿನ ಸುದ್ದಿಯನ್ನು ಅವನಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಸೀಟು ಕೂರಿಸಿದ ದಿನ ಶಿವಾನಂದ ಗಾಡಿಯ ಮೇಲೆ ಬಗ್ಗಿ ಕೂತು ಸರ್ಕಲ್ಲಿನವರೆಗೆ ಹೋಗಿ ಬಂದ. ಹೋಗುವಾಗ ಇದ್ದ ಸದ್ದು ಬರುವಾಗ ಬೇರೆಯೇ ಆಗಿತ್ತು, ಎದೆಯೊಳಗೆ ಬಡಿಯುವಂಥದು. ಹಿಂದೆ ಕೂತು ಸುತ್ತು ಹೋಗುವ ಪದ್ಧತಿ ಅವತ್ತು ನಡೆಯಲಿಲ್ಲ. ಅಪ್ಪ ತಲೆ ಎತ್ತಿಯೂ ನೋಡಲಿಲ್ಲ. ಊರಿನ ಬಾಯಿ ಮಾತ್ರ ಸುಮ್ಮನಿರುತ್ತದೆಯೇ? "ಏನಪಾ, ಹೊಟ್ಟಿಬ್ಯಾನಿ ಬಂದೈತೇನು, ಹಂಗ ಬಗ್ಗಿ ಕುಂತಿ?" ಎಂದು ಚಹಾದ ಅಂಗಡಿಯವನು ಕೂಗಿದ. ಒಂಟಿ ಗಾಡಿ ಎಂದು ಹೆಸರು ಬಿತ್ತು. ಶಿವಾನಂದ ನಕ್ಕೊಂಡೇ ಹೋದ. ಅವನಿಗೆ ಸಿಟ್ಟು ಬರುವುದಿಲ್ಲ, ಅವನ ಪಾಲಿನದೂ ನನಗೇ ಬಂದಿದೆ.

ಶ್ರಾವಣದಲ್ಲಿ ಹೊರ್ತಿಯಿಂದ ನನ್ನ ಸೋದರತ್ತೆ, ಅಪ್ಪನ ಅಕ್ಕ, ಬಂದಳು. ಸೆರಗು ಸರಿಮಾಡಿಕೊಂಡು ಕೂತ ರೀತಿ ನೋಡಿಯೇ ಇವಳು ಸಂಬಂಧ ತಂದಿದ್ದಾಳೆ ಎಂದು ಗೊತ್ತಾಯಿತು. "ಇಂಡ್ಯಾಗಿನ ಹುಡುಗ. ನಿಂಬಿ ತ್ವಾಟ ಐತಿ, ಸ್ವಂತ ಅಂಗಡಿ ಐತಿ. ಅವರ ಕೇಳ್ಯಾರ, ನಿಮ್ಮ ತಮ್ಮನ ಮಗಳ ಬೇಕಂತ," ಎಂದಳು. ಹೆಸರು ಹೇಳಿದಳು. ಒಳಗೆ ನನ್ನ ಮಷಿನ್ನು ತಾನಾಗಿ ನಿಂತಿತು.

ಅಪ್ಪ ಟೊಪಿಗೆ ತೆಗೆದು ಮತ್ತೆ ಇಟ್ಟುಕೊಂಡ. ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದ.

"ಅಕ್ಕಾ, ಆ ಹುಡುಗ ಇಲ್ಲೇ ನಿಂತು ತನ್ನ ಬಾಯಿಲೇ ಹೇಳ್ಯಾನ, ಹಿಂದ ಯಾರೂ ಕುಂದ್ರೂದಿಲ್ಲ ಅಂತ. ಕ್ಯಾರಿಯರ್ ತಗದ, ಹೋಗಲಿ. ಸೀರಿ ಗಾರ್ಡ್ ಸುದ್ದಾ ಬಿಚ್ಚಿ ಒಗದಾನ. ಹೇಣ್ತಿ ಬರತಾಳ ಅನ್ನೂ ವಿಚಾರ ಇದ್ದಾಂವ ಸೀರಿ ಗಾರ್ಡ್ ಬಿಚ್ಚತಾನೇನು?"

ಹೆಂಗಸರ ಸೀರೆ ಗಾಲಿಗೆ ಸಿಗದಂತೆ ಪಕ್ಕದಲ್ಲಿ ಹಾಕುವ ಆ ಕಬ್ಬಿಣದ ಜಾಳಿಗೆಯ ಮೇಲೆ ನನ್ನ ಮದುವೆ ನಿಂತುಬಿಟ್ಟಿತಲ್ಲ ಎಂದು ಒಳಗೆ ಕೂತು ತಲೆ ಚಚ್ಚಿಕೊಂಡೆ. ಅತ್ತೆ ಏನೋ ಹೇಳಲು ಹೋದಳು.

"ಮತ್ತ ಆ ಗಾಡಿ ಜೋರ ಹೊಡಿಯಾಕ ಮಾಡಿದ್ದು. ಬಗ್ಗಿ ಕುಂತಾಂವ ಸಾವಕಾಶ ಹೋಗತಾನಂತ ನೀ ನಂಬತಿ? ನಾಳಿ ಎಲ್ಯರ ತಿರುವಿನ್ಯಾಗ ಬಿದ್ದಾ ಅಂದ್ರ ನನ್ನ ಮಗಳ ಗತಿ ಏನ? ಬ್ಯಾಡ. ಬಾಗೇವಾಡಿಯವ್ರು ದಸರಾ ಆದ ಮ್ಯಾಲ ಬರತಾರ. ಅಲ್ಲೇ ಮುಗಸೂಣು."

ಬಸವನ ಬಾಗೇವಾಡಿಯ ಹುಡುಗನಿಗೆ ಗೊಬ್ಬರದ ಅಂಗಡಿ ಇತ್ತು, ಹೊಸ ಗಾಡಿ ಇತ್ತು. ಹಿಂದೊಮ್ಮೆ ನನ್ನನ್ನು ನೋಡಲು ಬಂದಾಗ ಅಪ್ಪ ಹುಡುಗನಿಗಿಂತ ಮೊದಲು ಅವನ ಗಾಡಿಯ ಸೀಟನ್ನು ಒತ್ತಿ ನೋಡಿದ್ದ. ಮನುಷ್ಯ ಕೆಟ್ಟವನಲ್ಲ. ಚಹಾ ಕುಡಿಯುವಷ್ಟು ಹೊತ್ತೂ ಯೂರಿಯಾದ ಮಾತೇ ಆಡಿದ. ನನ್ನ ಕಡೆ ಒಮ್ಮೆ ನೋಡಿ, ದಿನಾ ಮಷಿನ್ ತುಳಿತೀರಂತಲ್ಲ, ಮದುವ್ಯಾದ ಮ್ಯಾಲ ಅದೆಲ್ಲ ಬೇಕಾಗೂದಿಲ್ಲ ಬಿಡ್ರಿ ಎಂದಿದ್ದ. ಒಳ್ಳೆಯ ಮಾತೆಂದೇ ಹೇಳಿದ್ದು. ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ನಾನು ಅಳುತ್ತ ಕೂರುವವಳಲ್ಲ. ಭಾದ್ರಪದ ಮುಗಿಯುವ ಹೊತ್ತಿಗೆ ಒಂದು ಸಂಜೆ ನೂಲು ತರುತ್ತೇನೆಂದು ಹೇಳಿ ಎಸ್‌ಟಿಡಿ ಬೂತಿಗೆ ಹೋಗಿ ಇಂಡಿಯ ಅಂಗಡಿಗೆ ಫೋನು ಹಚ್ಚಿದೆ. ಅವನೇ ಎತ್ತಿದ. ಹೆಸರು ಹೇಳಿದೆ. ಆ ಕಡೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ಖಂಡೇಪೂಜಿ ದಿವಸ ನಮ್ಮ ಊರಾಗ ಸ್ಲೋ ರೇಸ್ ಇರತೈತಿ. ಗಾಡಿ ತಗೊಂಡು ಬರ್ರಿ," ಎಂದೆ.

"ಈ ಗಾಡಿ ತಗೊಂಡು ಸ್ಲೋ ರೇಸಿಗೇನ್ರಿ?"

"ಹೂಂ. ಜೋರ ಹೊಡಿಯಾಕ ಯಾರಿಗ್ಯಾದ್ರೂ ಬರತೈತಿ. ಗೆರಿ ಮುಂದ ಕುಂತು ಕಾಲ ಯಾರ ಊರ್ಯಾರಂತ ನೋಡಾಂವ ನಮ್ಮಪ್ಪ."

ಆಮೇಲೆ ಮೆಲ್ಲಗೆ, "ನಿಮಗ ಒಪ್ಪಿಗಿ ಐತೇನ್ರಿ?" ಎಂದ.

"ಒಪ್ಪಿಗಿ ಇಲ್ದ ನೂಲಿನ ನೆವಾ ಹೇಳಿ ಇಲ್ಲಿಮಟ ಬಂದೇನೇನು?" ಎಂದು ಫೋನಿಟ್ಟೆ. ಮುಖ ಬಿಸಿಯಾಗಿತ್ತು. ನೂಲು ತರುವುದನ್ನು ಮರೆತು ಮನೆಗೆ ಬಂದು ಬೈಸಿಕೊಂಡೆ.

ನಮ್ಮ ಓಣಿಯ ತರುಣರು ನಡೆಸುತ್ತಿದ್ದ ಆ ರೇಸಿನ ನಿಯಮ ಸರಳ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಬ್ಬೊಬ್ಬರಿಗೆ ಒಂದು ಪಟ್ಟಿ. ಆಚೆ ತುದಿಯ ಗೆರೆಯನ್ನು ಎಲ್ಲರಿಗಿಂತ ಕೊನೆಗೆ ಮುಟ್ಟಿದವನು ಗೆದ್ದಂತೆ. ಕಾಲು ನೆಲಕ್ಕೆ ಊರಿದರೆ, ಇಂಜಿನ್ನು ಬಂದಾದರೆ, ಪಕ್ಕದ ಗೆರೆ ದಾಟಿದರೆ ಔಟು. ಅಪ್ಪನನ್ನು ಪ್ರತಿ ವರ್ಷ ಗೆರೆ ನೋಡಲು ಕೂರಿಸುತ್ತಿದ್ದರು, ಯಾಕೆಂದರೆ ಅವನು ತನ್ನ ಸ್ವಂತ ಅಳಿಯನಿದ್ದರೂ ಔಟು ಎನ್ನುವವನು ಎಂದು ಎಲ್ಲರಿಗೂ ಗೊತ್ತಿತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ಮುಂಜಾನೆ ನನ್ನ ಮಷಿನ್ನಿಗೆ, ಅಪ್ಪನ ಕತ್ತರಿಗೆ ಚೆಂಡುಹೂವು ಇಟ್ಟು ಪೂಜೆ ಮಾಡಿದೆವು. ಮಧ್ಯಾಹ್ನ ಮೈದಾನಕ್ಕೆ ಬಂದರೆ ಹೂವು, ಕಬ್ಬು ಕಟ್ಟಿಕೊಂಡ ಗಾಡಿಗಳ ನಡುವೆ ಆ ಬೆಳ್ಳನೆಯ ಟಾಕಿ ಹೊಳೆಯುತ್ತಿತ್ತು. ನಾನು ಅವ್ವನ ಜೊತೆ ಹೆಂಗಸರ ಸಾಲಿನಲ್ಲಿ ನಿಂತೆ. ಅವ್ವ ನನ್ನ ಮುಖ ನೋಡಿದಳು, ಗಾಡಿ ನೋಡಿದಳು, ನನ್ನ ಕೈ ಹಿಡಿದುಕೊಂಡಳು.

ಶುರು ಮಾಡುವ ಮೊದಲು ಪದ್ಧತಿಯಂತೆ ಎಲ್ಲ ಗಾಡಿಗಳ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಉಳಿದವರೆಲ್ಲ ತುಳಿಸಿಕೊಂಡು ಮುಂದೆ ಬಂದರು. ಶಿವಾನಂದ ಇಳಿದು, ಎರಡೂ ಹಣ್ಣು ಎತ್ತಿ ಅಂಗಿಯಿಂದ ಒರೆಸಿ ಕಿಸೆಗೆ ಹಾಕಿಕೊಂಡ. "ಬೆಳದಾಂವ ನಾ, ತುಳಿಯಾಕ ಮನಸ ಬರೂದಿಲ್ಲ," ಎಂದ. ಗೆರೆಯ ಹತ್ತಿರ ಕೂತಿದ್ದ ಅಪ್ಪ ಅದನ್ನು ನೋಡಿದ. ಅವನ ಕೈಯನ್ನೂ ನೋಡಿದ. ಮೊಣಕೈಯವರೆಗೆ ಗೀರು, ಕೆಲವು ಒಣಗಿದ್ದು, ಕೆಲವು ಹಸಿ.

"ಕೈಗೇನಾತು?"

"ನಿಂಬಿ ಮುಳ್ಳರಿ ಕಾಕಾ. ಗಿಡದ ಸಾಲಿನ್ಯಾಗ ಸಾವಕಾಶ ಹೊಡ್ಯಾಕ ಕಲ್ಯಾಕತ್ತಿದ್ದೆ. ಆ ಕಡಿ ವಾಲಿದ್ರೂ ಮುಳ್ಳ, ಈ ಕಡಿ ವಾಲಿದ್ರೂ ಮುಳ್ಳ."

ಅಪ್ಪ ತಿರುಗಿ ಗೆರೆಯ ಕಡೆ ಮುಖ ಮಾಡಿ ಕೂತ. ಆ ಗೀರುಗಳನ್ನು ನೋಡಿ ನನಗೆ ಅಳು, ನಗು, ಎರಡೂ ಒಟ್ಟಿಗೆ ಬಂತು.

ಸೀಟಿ ಊದಿದರು. ಹೊಸ ಗಾಡಿಗಳು ಸಾವಕಾಶ ಹೋಗಲಾರದೆ ಗೊರಗೊರ ಎಂದು ಒಂದೊಂದೇ ಬಂದಾದವು. ಕೆಲವರು ಕಾಲೂರಿದರು, ಒಬ್ಬ ಪಕ್ಕದವನ ಮೇಲೆಯೇ ಬಿದ್ದ. ಕೊನೆಗೆ ಇಬ್ಬರು ಉಳಿದರು. ಒಬ್ಬ ಹಿಂದಿನ ವರ್ಷ ಗೆದ್ದಿದ್ದ ಶಾಲೆಯ ಮಾಸ್ತರ, ತನ್ನ ಸ್ಕೂಟರಿನ ಮೇಲೆ. ಇನ್ನೊಬ್ಬ ನಮ್ಮ ಒಂಟಿ ಗಾಡಿಯವನು. ಬುಲೆಟ್ಟಿನ ಇಂಜಿನ್ನಿಗೆ ಒಂದು ಗುಣವಿದೆ. ಒಳಗಿನ ಚಕ್ರ ಭಾರವಾದ್ದರಿಂದ ಎಷ್ಟು ಮೆಲ್ಲಗೆ ಬಿಟ್ಟರೂ ಅದು ಉಸಿರು ಬಿಡುವುದಿಲ್ಲ. ಡುಗ್ ಎಂದು ಒಮ್ಮೆ. ಆಮೇಲೆ ಇನ್ನು ಬರುವುದೇ ಇಲ್ಲವೇನೋ ಎನಿಸುವಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ಡುಗ್. ಆದರೆ ಹ್ಯಾಂಡಲ್ಲು ಕೆಳಗಿದ್ದರೆ ಮೈಭಾರವೆಲ್ಲ ಮುಂಗೈ ಮೇಲೆ ಬೀಳುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಹೊಟ್ಟೆಬೇನೆ ಎಂದು ನಕ್ಕಿದ್ದ ಚಹಾದ ಅಂಗಡಿಯವನೂ ಬಾಯಿ ಮುಚ್ಚಿ ನಿಂತಿದ್ದ.

ಗೆರೆ ಹತ್ತಿರ ಬಂದಾಗ ಬುಲೆಟ್ಟು ನಿಂತೇ ಹೋಯಿತು ಎನಿಸಿತು. ಎಡಕ್ಕೆ ವಾಲಿತು. ಅವನ ಎಡಗಾಲು ಕಾಲಿಡುವ ಕಡ್ಡಿಯಿಂದ ಎದ್ದು ಕೆಳಗಿಳಿಯಿತು. ಮಂದಿ ಊರಿದ ಊರಿದ ಎಂದು ಕೂಗಿದರು. ಅಪ್ಪ ಎರಡೂ ಕೈ ನೆಲಕ್ಕೆ ಊರಿ, ಕಪಾಳ ಮಣ್ಣಿಗೆ ತಾಗುವಷ್ಟು ಬಗ್ಗಿ ಆ ಚಪ್ಪಲಿಯ ಕೆಳಗೆ ನೋಡುತ್ತಿದ್ದ. ಅಷ್ಟರಲ್ಲಿ ಡುಗ್ ಎಂದಿತು, ಗಾಡಿ ನೆಟ್ಟಗಾಯಿತು, ಕಾಲು ಮೇಲೆ ಹೋಯಿತು. ಆ ಗದ್ದಲಕ್ಕೆ ತಿರುಗಿ ನೋಡಿದ ಮಾಸ್ತರರ ಸ್ಕೂಟರು ತುದಿಯ ಗೆರೆ ದಾಟಿ ಮುಂದೆ ಹೋಗಿಬಿಟ್ಟಿತು.

ಈಗ ಎಲ್ಲರೂ ಅಪ್ಪನ ಕಡೆ ನೋಡಿದರು. ಊರಿದ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಬೇಡವಾದ ಸಂಬಂಧವೂ ಮುಗಿಯುತ್ತಿತ್ತು, ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಅಪ್ಪ ಎದ್ದು ಮೊಣಕಾಲಿನ ಮಣ್ಣು ಜಾಡಿಸಿಕೊಂಡ.

"ಊರಿಲ್ಲ," ಎಂದ ಇಡೀ ಮೈದಾನಕ್ಕೆ ಕೇಳುವಂತೆ. "ಕಾಲಿಗೂ ನೆಲಕ್ಕೂ ನಡಬರಕ ಜಾಗ ಇತ್ತು, ನಾ ನೋಡೇನಿ. ಈ ಹುಡುಗ ಗೆದ್ದಾನ."

ತರುಣರು ಶಿವಾನಂದನನ್ನು ಗಾಡಿಯ ಸಮೇತ ಎತ್ತುವ ಹಾಗೆ ಮುತ್ತಿದರು. ಭಂಡಾರ ಹಾರಿಸಿದರು, ಹಲಗೆ ಬಡಿದರು. ಬೆಳ್ಳನೆಯ ಟಾಕಿ ಹಳದಿಯಾಯಿತು. ನನಗೆ ಗೆದ್ದವನು ಅವನೊಬ್ಬನೇ ಎನಿಸಲಿಲ್ಲ. ನನ್ನ ಸೀಟು ಗೆದ್ದಿತ್ತು, ನನ್ನ ಅಪ್ಪನೂ ಗೆದ್ದಿದ್ದ.

ಮರುದಿನ ಬನ್ನಿ. ಅವತ್ತಿನ ಸಂಜೆ ಯಾರು ಬನ್ನಿ ಕೊಟ್ಟರೂ ಬೇಡ ಎನ್ನುವಂತಿಲ್ಲ, ವರ್ಷವಿಡೀ ಮಾತು ಬಿಟ್ಟವರೂ ಬಂದು ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಡುಗ್ ಡುಗ್ ಎಂದು ಸದ್ದು ನಮ್ಮ ಮನೆಯ ಮುಂದೆ ನಿಂತಿತು. ಶಿವಾನಂದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅಪ್ಪನ ಕೈಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಕಾಲು ಮುಟ್ಟಿದ. ಅಪ್ಪ ತಗೊಂಡ, ತನ್ನದನ್ನೂ ಕೊಟ್ಟ.

"ನಿನ್ನಿ ನೋಡಿದೆ. ನೀ ಉಡಾಳ ಅಲ್ಲ," ಎಂದ ಅಪ್ಪ. "ತಾಳ್ಮಿ ಐತಿ. ಖರೇ ಹೇಳತೇನಿ, ಆ ಮಾತು ನಾ ತಿರುಗಿ ತಗೊಂಡೆ. ಆದ್ರ ಇನ್ನೊಂದ ಮಾತು ಹಂಗ ಉಳದೈತಿ. ನಿನ್ನ ಗಾಡ್ಯಾಗ ನನ್ನ ಮಗಳಿಗೆ ಜಾಗ ಎಲ್ಲೈತಿ?"

ಶಿವಾನಂದ, ಹೊಸ ಸೀಟು ಹೊಲಿಸುತ್ತೇನೆ, ಇದನ್ನು ಕಿತ್ತು ಹಾಕುತ್ತೇನೆ ಎಂದು ಬಾಯಿ ತೆರೆದ. ಅಷ್ಟು ಕೇಳಿದ್ದೇ ತಡ, ಒಳಗೆ ನಿಂತಿದ್ದ ನನಗೆ ಮೈ ಉರಿಯಿತು. ನನ್ನ ಹೊಲಿಗೆ ಕಿತ್ತುಹಾಕಲು ಇವನ್ಯಾರು? ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ, ಇಬ್ಬರನ್ನೂ ದಾಟಿ ಗಾಡಿಯ ಹತ್ತಿರ ಹೋಗಿ ಅಂಚಿನ ಕೆಳಗೆ ಕೈ ಹಾಕಿದೆ. ಚಟ್ ಚಟ್ ಎಂದು ಹುಕ್ಕು ಬಿಚ್ಚಿದವು. ಡುಬ್ಬ ಎತ್ತಿ ಕಟ್ಟೆಯ ಮೇಲಿಟ್ಟೆ. ಅದರ ಕೆಳಗೆ, ಒಬ್ಬರು ಆರಾಮಾಗಿ ಕೂರುವಷ್ಟು ಜಾಗ, ಅದೇ ಕರಿ ರೆಕ್ಸಿನ್ನು, ಅದೇ ಅಡ್ಡ ಹೊಲಿಗೆ.

"ಜಾಗ ಮೊದಲಿಂದ ಐತಿ ಅಪ್ಪಾ," ಎಂದೆ.

ಶಿವಾನಂದ ತನ್ನ ಗಾಡಿಯನ್ನೇ ಮೊದಲ ಸಲ ಕಂಡವನಂತೆ ನಿಂತ. ಅಷ್ಟು ದಿನ ಅದರ ಮೇಲೆ ಓಡಾಡಿದ್ದಾನೆ, ಅವನಿಗೆ ಗೊತ್ತಿಲ್ಲ. ಅಪ್ಪ ಹತ್ತಿರ ಬಂದ. ಹೆಬ್ಬೆರಳಿನಿಂದ ಒತ್ತಿದ. ಮತ್ತೊಮ್ಮೆ ಒತ್ತಿದ. ಬಗ್ಗಿ ಅಂಚು ನೋಡಿದ, ಹುಕ್ಕು ನೋಡಿದ.

"ಇದು ನನ್ನ ಸ್ಪಂಜು," ಎಂದ.

"ಹೌದು."

"ಯಾವಾಗ ಹಾಕಿದಿ?"

"ನೀ ಮುಟ್ಟೂದಿಲ್ಲ ಅಂದಿಯಲ್ಲ, ಆ ಮ್ಯಾಲ."

ಅಪ್ಪನ ಮೀಸೆಯ ಕೆಳಗೆ ಏನೋ ಆಯಿತು. ನಗು ಎಂದು ಆಣೆ ಮಾಡಿ ಹೇಳಲಾರೆ. ದೋತರದ ಚುಂಗು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ. ಹಿಂದೆ ಕೂತವರು ಕಾಲಿಡುವ ಕಡ್ಡಿಗಳು ತುಕ್ಕು ಹಿಡಿದು ಬಿಚ್ಚಲು ಬಾರದೆ ಗಾಡಿಗೇ ಮಡಚಿಕೊಂಡಿದ್ದವು. ಅವನ್ನು ಕಾಲಿನಿಂದ ಒದ್ದು ಕೆಳಗಿಳಿಸಿದ. ಬಿಟ್ಟುಹೋಗಿದ್ದ ಆ ಸುತ್ತು ಈಗ ಆಗಬೇಕಿತ್ತು.

"ಕುಂದ್ರು ತಮ್ಮಾ. ಸರ್ಕಲ್‌ಮಟ ಹೋಗಿ ಬರೂಣು. ಸಾವಕಾಶ."

ಅವ್ವ ಬಾಗಿಲಿಗೆ ಬಂದಳು. ಇಬ್ಬರೂ ಹೊರಟರು. ಒಂದು ಕೈ ಶಿವಾನಂದನ ಹೆಗಲ ಮೇಲೆ, ಇನ್ನೊಂದು ಕೈ ಟೊಪಿಗೆಯ ಮೇಲೆ, ನನ್ನಪ್ಪ ಓಣಿಯ ತಿರುವಿನಲ್ಲಿ ಮರೆಯಾದ. ಸರ್ಕಲ್ಲಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ಬನ್ನಿ ಕೊಡಲು ಬಂದವರು ಬಂದು ಹೋದರು. ನಾನು ಕಟ್ಟೆಯ ಮೇಲೆ ಡುಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸದ್ದಿಲ್ಲ. ಅವ್ವ ಒಳಗೆ ಹೋದಳು, ಹೊರಗೆ ಬಂದಳು, ಎಲ್ಲಾದರೂ ಬಿದ್ದರೇನೋ ಎಂದಳು.

ಆಮೇಲೆ ದೂರದಿಂದ ಕೇಳಿಸಿತು. ಸಾವಕಾಶದ ಸದ್ದಲ್ಲ. ತುಂಬಿದ ಸದ್ದು, ಓಣಿಯ ಕಿಟಕಿಗಳು ತೆರೆಯುವಂಥ ಸದ್ದು. ಬುಲೆಟ್ಟು ಬಂದು ಕಟ್ಟೆಯ ಮುಂದೆ ನಿಂತಿತು. ಶಿವಾನಂದ ಇಳಿಯದೆ ತಲೆ ತಗ್ಗಿಸಿ ಕೂತಿದ್ದ, ತಪ್ಪು ಮಾಡಿದವನಂತೆ. ಹಿಂದೆ ಅಪ್ಪ. ಎರಡೂ ಕೈ ಅವನ ಹೆಗಲ ಮೇಲೆ. ನರೆತ ಕೂದಲೆಲ್ಲ ನೆಟ್ಟಗೆ ನಿಂತಿದ್ದವು, ಕಣ್ಣಲ್ಲಿ ನೀರು ಗಾಳಿಗೆ ಕಿವಿಯವರೆಗೆ ಹರಿದಿತ್ತು. ಬರಿದಲೆಯಲ್ಲಿ ಅವನನ್ನು ಬೀದಿಯಲ್ಲಿ ಕಂಡಿದ್ದು ಅದೇ ಮೊದಲು.

"ಟೊಪಿಗಿ ಎಲ್ಲಿ?" ಎಂದಳು ಅವ್ವ.

"ಊರ ಹೊರಗ, ಕನ್ನೊಳ್ಳಿ ದಾರ್ಯಾಗ ಹಾರಿ ಹೋತು."

"ಗಾಡಿ ನಿಲ್ಲಸಿ ತಗೊಂಡು ಬರಬೇಕೋ ಬ್ಯಾಡೋ?"

ಅಪ್ಪ ಇಳಿದು, ಹೆಬ್ಬೆರಳಿನಿಂದ ಸೀಟನ್ನು ಒಮ್ಮೆ ಒತ್ತಿ, ನನ್ನ ಕಡೆ ನೋಡಿ ತಲೆದೂಗಿದ.

"ಅಂವ ನಿಲ್ಲಸ್ತೇನಿ ಅಂದಾ," ಎಂದ. "ನಾನ ಬ್ಯಾಡ ಅಂದೆ."